ಸಹಾಯ ಬೇಕು: ‘ದ ಬಕ್ ಸ್ಟಾಪ್ಸ್ ಹಿಯರ್’ ಕನ್ನಡದಲ್ಲಿ ಹೇಗೆ?

ನಮಸ್ಕಾರ. ಅಮೆರಿಕದ ಚರಿತ್ರೆಯ ಪಾಠವೊಂದರ ಅನುವಾದಕ್ಕೆ, ಅಧ್ಯಕ್ಷ ಹ್ಯಾರಿ ಟ್ರೂಮನ್ ಮೇಜಿನ ಮೇಲಿದ್ದ ಫಲಕದ ಈ ಮಾತು ಕನ್ನಡದಲ್ಲಿ ಬೇಕು. ಹೊಣೆಯನ್ನು ಇನ್ನೊಬ್ಬರಿಗೆ ದಾಟಿಸದೆ ನಾನೇ ಹೊರುತ್ತೇನೆ ಎಂಬುದು ಅದರ ಅರ್ಥ.

‘ಬಕ್’ ಇಲ್ಲಿ ಡಾಲರ್ ಅಲ್ಲ. ಹಾಗೆ ತಿಳಿದು ‘ಹಣ ಇಲ್ಲಿಗೇ ನಿಲ್ಲುತ್ತದೆ’ ಅಂದರೆ ಲಂಚದ ಮಾತಾಗಿಬಿಡುತ್ತದೆ. ಪೋಕರ್ ಎಂಬ ಇಸ್ಪೀಟಾಟದಲ್ಲಿ ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಮುಂದೆ ಇಡುತ್ತಿದ್ದ ಗುರುತು ಅದು. ಹಂಚಲು ಒಲ್ಲದವರು ಪಕ್ಕದವರಿಗೆ ದಾಟಿಸುತ್ತಿದ್ದರು. ಅದರಿಂದ ಬಂದ ‘ಪಾಸಿಂಗ್ ದ ಬಕ್’ ಎಂಬ ಮಾತಿಗೆ ‘ಹೊಣೆ ಜಾರಿಸುವುದು’ ಸಾಕು. ‘ಗೂಬೆ ಕೂರಿಸುವುದು’ ಹೊಂದದು: ಅದು ಕೆಲಸ ಕೆಟ್ಟ ಮೇಲೆ ಹೊರಿಸುವ ತಪ್ಪು, ಇದು ನಿರ್ಧಾರಕ್ಕೆ ಮೊದಲೇ ನುಣುಚಿಕೊಳ್ಳುವುದು.

ತೊಡಕಿರುವುದು ಫಲಕದಲ್ಲಿ. 1945ರಲ್ಲಿ ಓಕ್ಲಹೋಮಾದ ಎಲ್ ರೀನೋ ಸೆರೆಮನೆಯಲ್ಲಿ ತಯಾರಾದ ಅದು ಸುಮಾರು 13 ಇಂಚು ಉದ್ದ, ಎರಡೂವರೆ ಇಂಚು ಎತ್ತರ. ಅದರ ಚಿತ್ರದ ಕೆಳಗೆ ಹೋಗುವ ಸಾಲಾದ್ದರಿಂದ ನಾಲ್ಕು ಪದ ಮೀರಬಾರದು.

‘ಹೊಣೆ ಇಲ್ಲಿಗೆ ನಿಂತಿತು’ ಎಂದರೆ ಹೊಣೆ ಮುಗಿಯಿತು, ಕೈ ತೊಳೆದುಕೊಂಡೆವು ಎಂಬ ತದ್ವಿರುದ್ಧ ಅರ್ಥ. ‘ಅಂತಿಮ ಹೊಣೆ ನನ್ನದೇ’ ಅರ್ಥಕ್ಕೆ ಸರಿ, ಆದರೆ ಕೈಯಿಂದ ಕೈಗೆ ಸಾಗಿಬಂದ ವಸ್ತು ಈ ಮೇಜಿನಲ್ಲಿ ನಿಂತ ಚಿತ್ರವೇ ಹೋಯಿತು. ‘ಇಲ್ಲಿಂದ ಮುಂದೆ ದಾಟದು’ ಚೆನ್ನಾಗಿದೆ. ಏನು ದಾಟದು ಎಂಬುದು ಓದುಗರಿಗೆ ತಿಳಿಯದು.

ಕಡತವನ್ನು ‘ಮುಂದಿನ ಕ್ರಮಕ್ಕಾಗಿ’ ಎಂದು ಬರೆದು ಇನ್ನೊಂದು ಟೇಬಲ್ಲಿಗೆ ಸಾಗಹಾಕುವುದಕ್ಕೆ ಕಚೇರಿಗಳಲ್ಲಿ, ಸರದಿ ದಾಟಿಸುವುದಕ್ಕೆ ಇಸ್ಪೀಟಾಟದಲ್ಲಿ ನಿಮ್ಮ ಕಡೆ ಬಳಸುವ ಮಾತುಗಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.