ಎವರೆಸ್ಟ್ ಬೇಸ್ ಕ್ಯಾಂಪ್: ಚೇತು ಹಾಕಿದ ಪ್ಲಾನಿಗೆ ಉತ್ತರ

ಚೇತು, ಬೆಳಗ್ಗೆ ಗ್ರೂಪಲ್ಲಿ ಹಾಕಿದ್ಯಲ್ಲ, ದಸರಾ ಮುಗಿಸ್ಕೊಂಡು ನೀನು, ಪಲ್ಲವಿ, ಭಾವ ಮೂರು ಜನ ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪಿಗೆ ನಡ್ಕೊಂಡು ಹೊರಡೋದು, ರಜೆ ಸಾಲಲ್ಲ, ದಾರೀಲಿ ಸಿಗೋ ನಾಮ್ಚೆ ಮತ್ತೆ ಡಿಂಗ್‌ಬೋಚೆ ಊರುಗಳ ರೆಸ್ಟ್ ದಿನ ತೆಗೆದು 12 ದಿನಾನ 10 ಮಾಡ್ಬಹುದಾ ಅಂತ. ಮಾಡ್ಬೇಡ ಕಣೋ. ಬೇರೆ ಏನು ಬೇಕಾದ್ರೂ ಕಮ್ಮಿ ಮಾಡ್ಕೋ, ಆ ಎರಡು ದಿನ ಮಾತ್ರ ಮುಟ್ಬೇಡ. ಯಾಕೆ ಅಂತ ಹೇಳ್ತೀನಿ, ಉದ್ದ ಆಗುತ್ತೆ, ಮೂರೂ ಜನ ಪೂರ್ತಿ ಕೇಳಿ.

ನಮ್ಮ ಮೈಸೂರು ಇರೋದು ಸುಮಾರು 770 ಮೀಟರ್ ಎತ್ತರದಲ್ಲಿ. ವಿಮಾನ ನಿಮ್ಮನ್ನ ಇಳಿಸೋ ಲುಕ್ಲಾನೇ 2,860. ಮೊದಲನೇ ರಾತ್ರಿ ಫಾಕ್ಡಿಂಗ್, 2,610. ಮಾರನೇ ದಿನ ನಾಮ್ಚೆ, 3,440. 3,000 ದಾಟಿದ ಮೇಲೆ ರಾತ್ರಿ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಂದು ಸಲ ಇದ್ದ ಊರಲ್ಲೇ ಇನ್ನೊಂದು ರಾತ್ರಿ ಉಳೀಬೇಕು ಅನ್ನೋದು ಡಾಕ್ಟರುಗಳ ಲೆಕ್ಕ. ನಾಮ್ಚೆ ದಿನ ಒಂದೇ ಏಟಿಗೆ 830 ಮೀಟರ್ ಏರ್ತೀರ, ಅದಕ್ಕೇ ಅಲ್ಲಿ ಎರಡು ರಾತ್ರಿ. ಅಲ್ಲಿಂದ ತೆಂಗ್‌ಬೋಚೆ 3,860, ಡಿಂಗ್‌ಬೋಚೆ 4,410, ಲೋಬುಚೆ 4,940. ನಿನ್ನ ಪ್ಲಾನಲ್ಲಿ ನಾಮ್ಚೆಯಿಂದ ಹೊರಟ ಮೂರನೇ ರಾತ್ರಿಗೇ ಅದಕ್ಕಿಂತ 1,500 ಮೀಟರ್ ಮೇಲೆ ಮಲಗಿರ್ತೀರ. ತಲೆ ಸಿಡಿಯೋದು, ವಾಂತಿ, ಊಟ ಸೇರದೆ ಇರೋದು ಶುರುವಾಗೋದು ಹೀಗೇ. ರೆಸ್ಟ್ ಅಂದ್ರೆ ಹೊದ್ದು ಮಲಗೋದೂ ಅಲ್ಲ. ನಾಮ್ಚೆಯಿಂದ 3,880ರಲ್ಲಿರೋ ಎವರೆಸ್ಟ್ ವ್ಯೂ ಹೋಟೆಲ್‌ವರೆಗೆ ಹತ್ತಿ, ಅರ್ಧ ಗಂಟೆ ಕೂತು, ಇಳಿದು ಬಂದು ಕೆಳಗೇ ಮಲಗೋದು.

ಮೇಲೆ ಆಕ್ಸಿಜನ್ ಪಾಲು ಅದೇ 21 ಪರ್ಸೆಂಟ್ ಇರುತ್ತೆ, ಆದ್ರೆ ಗಾಳಿ ಒತ್ತಡ 5,364 ಮೀಟರಿನ ಬೇಸ್ ಕ್ಯಾಂಪಲ್ಲಿ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧ. ಅದಕ್ಕೆ ಮೈ ಒಗ್ಗೋಕೆ ದಿನಗಳೇ ಬೇಕು, ನೀನು ಎಷ್ಟು ಕಿಲೋಮೀಟರ್ ಓಡ್ತೀಯ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ. ಗಟ್ಟಿಮುಟ್ಟಾದ ಹುಡುಗರೇ ಬೇಗ ಬೇಗ ಹತ್ತಿ ಕಾಯಿಲೆ ಬಿದ್ದು ಮಲಗಿಬಿಡ್ತಾರೆ. ಎತ್ತರದ ಕಾಯಿಲೆ ತಡೆಯೋಕೆ ಡಯಾಮಾಕ್ಸ್ ಅಂತ ಮಾತ್ರೆ ಇದೆ, ಸಾಮಾನ್ಯವಾಗಿ 125 ಎಂಜಿ ದಿನಕ್ಕೆ ಎರಡು ಸಲ, ಹತ್ತೋ ಹಿಂದಿನ ದಿನದಿಂದ ಕೊಡ್ತಾರೆ. ಡಾಕ್ಟರನ್ನ ಕೇಳದೆ ತಗೋಬೇಡಿ, ಸಲ್ಫಾ ಅಲರ್ಜಿ ಇದ್ರೆ ಮೊದಲೇ ಹೇಳಿ. ಬೆರಳು ಜುಮ್ ಅನ್ನುತ್ತೆ, ಪದೇ ಪದೇ ಮೂತ್ರ ಬರುತ್ತೆ, ಗಾಬರಿ ಬೇಡ. ಭಾವನಿಗೆ ಬಿಪಿ ಇದೆಯಲ್ಲ, ಈಗಲೇ ಹಾರ್ಟ್ ಡಾಕ್ಟರ್ ಹತ್ರ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹಾರ್ಟ್ ಪರೀಕ್ಷೆ) ಮಾಡಿಸ್ಕೊಂಡು, ಡಯಾಮಾಕ್ಸ್ ವಿಷಯಾನೂ ಅವರನ್ನೇ ಕೇಳ್ಲಿ.

ಇದನ್ನ ಮೂರೂ ಜನ ಬಾಯಿಪಾಠ ಮಾಡ್ಕೊಳ್ಳಿ. ತಲೆನೋವು ಇದ್ರೆ ಆ ದಿನ ಮೇಲಕ್ಕೆ ಹೋಗೋ ಹಾಗಿಲ್ಲ. ಅನುಮಾನ ಬಂದ್ರೆ ನೆಲದ ಮೇಲೆ ಒಂದು ಗೆರೆ ಅಂದ್ಕೊಂಡು, ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗಿಸ್ತಾ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದ್ರೆ ಮಿದುಳಲ್ಲಿ ನೀರು ತುಂಬ್ತಿದೆ ಅಂತಲೇ ಹಿಡೀಬೇಕು. ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮಿದ್ರೆ ನೊರೆ ಬರ್ತಿದ್ರೆ ಶ್ವಾಸಕೋಶದಲ್ಲಿ. ಎರಡಕ್ಕೂ ಔಷಧಿ ಇಳಿಯೋದು, ಕಮ್ಮಿ ಅಂದ್ರೂ 300 ಮೀಟರ್, ಆಗೋದಾದ್ರೆ 1,000. ‘ಬೆಳಗಾಗ್ಲಿ ನೋಡೋಣ’ ಅನ್ನೋ ಮಾತೇ ಜೀವ ತೆಗೆಯೋದು. ರಾತ್ರಿ ಎರಡು ಗಂಟೆ ಆದ್ರೂ ಟಾರ್ಚ್ ಹಿಡ್ಕೊಂಡು ಇಳೀರಿ, ಒಬ್ಬರನ್ನೇ ಕಳಿಸ್ಬೇಡಿ.

ಇನ್ನು ಕಾಲಿನ ವಿಷಯ. ಅದನ್ನ ಇಲ್ಲೇ ರೆಡಿ ಮಾಡ್ಕೋಬಹುದು, ಇನ್ನೂ ಮೂರು ತಿಂಗಳಿದೆ. ಕುಕ್ಕರಹಳ್ಳಿ ಕೆರೆ ಸುತ್ತಿದ್ರೆ ಉಸಿರಿಗೆ ಸರಿ, ಆದ್ರೆ ಅದು ಚಪ್ಪಟೆ ದಾರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಬುಡದಿಂದ ಮೇಲಕ್ಕೆ ಸುಮಾರು 300 ಮೀಟರ್ ಏರು. ನಾಮ್ಚೆ ಕೆಳಗೆ ಹೊಳೆ ಸೇತುವೆ ದಾಟಿದ ಮೇಲೆ ಒಂದೇ ಸಮ ಸುಮಾರು 600 ಇದೆ, ಅಂದ್ರೆ ಎರಡು ಸಲ ಬೆಟ್ಟ. ಮೊದಲ ತಿಂಗಳು ವಾರಕ್ಕೆ ಎರಡು ದಿನ, ಬರಿಗೈಲಿ ಒಂದೊಂದು ಸಲ. ಎರಡನೇ ತಿಂಗಳು ಬೆನ್ನಿಗೆ 4 ಕಿಲೋ ಹಾಕ್ಕೊಂಡು ಎರಡೆರಡು ಸಲ. ಮೂರನೇ ತಿಂಗಳು 7 ಕಿಲೋ, ಭಾನುವಾರ ಮೂರು ಸಲ, ಸೋಮವಾರ ಕಾಲು ನೋಯ್ತಿದ್ರೂ ಒಂದು ಗಂಟೆ ನಡಿಗೆ. ಕೊನೇ ವಾರ ಬರೀ ನಡಿಗೆ. ಮಾತಾಡೋಕೆ ಆಗೋವಷ್ಟೇ ವೇಗ. ತೂಕಕ್ಕೆ ನೀರಿನ ಬಾಟಲಿ ತುಂಬ್ಕೊಳ್ಳಿ, ಮಂಡಿ ನೋವು ಬಂದ್ರೆ ಮೇಲೆ ಗಿಡಕ್ಕೆ ಹುಯ್ದು ಹಗುರ ಇಳೀಬಹುದು. ಬಸ್ಸಲ್ಲಿ ಮಾತ್ರ ಇಳೀಬೇಡಿ, ತೊಡೆ ಪಳಗೋದೇ ಇಳಿಯೋವಾಗ. ಆಷಾಢ ಶುಕ್ರವಾರ ಜನಜಾತ್ರೆ, ಆ ದಿನ ಬಿಡಿ. ಮಳೆ ಬಂದ ಮಾರನೇ ದಿನ ಕಲ್ಲು ಜಾರುತ್ತೆ, ಹುಷಾರು.

ಶೂ ಈ ವಾರವೇ ತಗೊಳ್ಳಿ, ಸಂಜೆ ಹೊತ್ತು ಹೋಗಿ, ಆಗ ಪಾದ ಊದ್ಕೊಂಡಿರುತ್ತೆ. ದಪ್ಪ ಕಾಲುಚೀಲ ಹಾಕಿ, ಲೇಸ್ ಕಟ್ಟದೆ ಪಾದ ಮುಂದಕ್ಕೆ ತಳ್ಳಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಹಿಡೀಬೇಕು. ಇಲ್ದಿದ್ರೆ ಇಳಿಜಾರಲ್ಲಿ ಉಗುರು ಕಪ್ಪಾಗಿ ಕಿತ್ತುಬರುತ್ತೆ. ಹೊರಡೋ ಹೊತ್ತಿಗೆ 50–60 ಕಿಲೋಮೀಟರ್ ನಡೆದಿರ್ಬೇಕು. ಭಾವ, ನಿಮ್ಮ ಅಟ್ಟದ ಮೇಲಿರೋ ಹಳೇ ಶೂ ಬೇಡಿ. ವರ್ಷಗಟ್ಟಲೆ ಇಟ್ಟ ಶೂನಲ್ಲಿ ಸೋಲ್ ಒಳಗಿನ ಫೋಮ್ ತೇವಕ್ಕೆ ಪುಡಿಯಾಗಿರುತ್ತೆ, ನೋಡೋಕೆ ಹೊಸದು, ನಡೆದ ಎರಡನೇ ದಿನ ಸೋಲ್ ಬಾಯಿ ಬಿಡುತ್ತೆ. ಪಾದ ಎಲ್ಲಾದ್ರೂ ಬಿಸಿ ಅನ್ನಿಸಿದ ತಕ್ಷಣ ನಿಂತು ಟೇಪ್ ಹಾಕಿ, ಬೊಬ್ಬೆ ಬರೋವರೆಗೂ ಕಾಯ್ಬೇಡಿ.

ಬಟ್ಟೆಗೆ ಹೆಚ್ಚು ತಲೆ ಕೆಡಿಸ್ಕೋಬೇಡಿ, ಕಾಟನ್ ಬನಿಯನ್ ಬೇಡ ಅಷ್ಟೇ, ಬೆವರು ಹಿಡಿದು ನಿಂತ ಕೂಡ್ಲೇ ನಡುಗಿಸುತ್ತೆ. ಮೈಗಂಟೋ ಪಾಲಿಯೆಸ್ಟರ್, ಮೇಲೆ ಫ್ಲೀಸ್, ಡೌನ್ ಜಾಕೆಟ್, ಗಾಳಿ ಮಳೆಗೊಂದು. ನೀರು ದಿನಕ್ಕೆ 3–4 ಲೀಟರ್. ಬೆನ್ನಿಗೆ ಹಾಕ್ಕೊಂಡು ಪೈಪಲ್ಲಿ ನೀರು ಹೀರೋ ಚೀಲ ಮೇಲ್ಗಡೆ ಹೆಪ್ಪುಗಟ್ಟುತ್ತೆ, ಅಗಲ ಬಾಯಿ ಬಾಟಲಿ ತಗೊಂಡು ತಲೆಕೆಳಗಾಗಿ ಇಡಿ. ಐಸ್ ಮೇಲಿಂದ ಕಟ್ಟುತ್ತೆ, ಹಾಗಾಗಿ ಮುಚ್ಚಳದ ಕಡೆ ನೀರಾಗೇ ಇರುತ್ತೆ. ರಾತ್ರಿ ಅದರಲ್ಲೇ ಬಿಸಿನೀರು ತುಂಬಿ ಸ್ಲೀಪಿಂಗ್ ಬ್ಯಾಗಿನೊಳಗೆ, ಜೊತೆಗೆ ಫೋನು, ಪವರ್ ಬ್ಯಾಂಕ್. ನಾಮ್ಚೆ ದಾಟಿದ್ರೆ ಮಾಂಸ ತಿನ್ಬೇಡಿ, ಕೆಳಗಿಂದ ಹೊತ್ತು ತಂದಿದ್ದು ಅದು. ದಾಲ್ ಭಾತ್ ಸಾಕು. ಪಲ್ಲವಿ, ಚಟ್ನಿಪುಡಿ ಮತ್ತೆ ಮಂಡ್ಯದ ಬೆಲ್ಲ ಚಿಕ್ಕ ಚಿಕ್ಕ ಚೂರು ಮಾಡಿ ಇಟ್ಕೋ, ಹಸಿವು ಸತ್ತಾಗ ಅದೊಂದೇ ಒಳಗೆ ಇಳಿಯೋದು.

ಕೊನೇದು. ಲುಕ್ಲಾ ವಿಮಾನಕ್ಕೆ ಒಬ್ಬರಿಗೆ ಒಟ್ಟು 15 ಕಿಲೋ ಲಗೇಜು, ಮನೇಲೇ ತೂಗಿ. ಮೋಡ ಕವಿದ್ರೆ ಹಾರೋದೇ ಇಲ್ಲ, ಕೊನೇಲಿ ಎರಡು ದಿನ ಖಾಲಿ ಬಿಡಿ. ಸೀಸನ್‌ನಲ್ಲಿ ವಿಮಾನ ಕಠ್ಮಂಡು ಬದಲು ರಾಮೆಛಾಪ್ ಅನ್ನೋ ಊರಿಂದ ಹೊರಡೋದೂ ಉಂಟು, ಕಠ್ಮಂಡುವಿಂದ ಅಲ್ಲಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ, ನಡುರಾತ್ರಿ ಹೊರಡ್ಬೇಕು. ನಮ್ಮ ನವರಾತ್ರಿ ಹೊತ್ತಿಗೇ ಅಲ್ಲಿ ಅವರ ದೊಡ್ಡ ಹಬ್ಬ ದಶೈನ್, ಸೀಟು ಈಗಲೇ ನೋಡಿ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಕೊಳ್ಳಿ, ಆಧಾರ್ ನೆಚ್ಕೋಬೇಡಿ. ಇನ್ಶೂರೆನ್ಸಲ್ಲಿ ಕಾಪಾಡೋ ಹೆಲಿಕಾಪ್ಟರ್ ಖರ್ಚು ಎಷ್ಟು ಮೀಟರ್ ಎತ್ತರದವರೆಗೆ ಕೊಡ್ತಾರೆ ಅಂತ ಆ ಒಂದು ಸಾಲು ಹುಡುಕಿ ಓದಿ, 6,000 ಇರ್ಲಿ. ಇಷ್ಟಕ್ಕೂ ರಜೆ ಸಿಗದೇ ಇದ್ರೆ ನಾಮ್ಚೆ, ತೆಂಗ್‌ಬೋಚೆ ನೋಡ್ಕೊಂಡು ವಾಪಸ್ ಬನ್ನಿ, ಎವರೆಸ್ಟ್ ಅಲ್ಲಿಂದಲೂ ಕಾಣುತ್ತೆ. ಚೇತು, ದುಡ್ಡು ಕಟ್ಟೋಕೆ ಮುಂಚೆ ಯಾವ ರಾತ್ರಿ ಯಾವ ಊರು, ಎಷ್ಟು ಮೀಟರ್ ಅಂತ ಬರ್ದು ಇಲ್ಲಿ ಹಾಕು.