ರಿಫ್ಲೆಕ್ಟೆಡ್ ಪವರ್‌ಗೆ ‘ಹೊಳ್ಳಿ ಬಂದ ಪವರ್’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಕಲಿಯುವ ಹುಡುಗರಿಗೆ ಅಂತ ಆಂಟೆನಾ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆಯುತ್ತಿದ್ದೇನೆ. ರಿಫ್ಲೆಕ್ಟೆಡ್ ಪವರ್, ಅಂದರೆ ರೇಡಿಯೋ ಸೆಟ್ಟಿನಿಂದ ಕೇಬಲ್ಲಿನಲ್ಲಿ ಹೋದ ಪವರ್‌ನಲ್ಲಿ ಆಂಟೆನಾ ತೆಗೆದುಕೊಳ್ಳದೆ ತಿರುಗಿಸಿ ಕಳಿಸುವ ಭಾಗ, ಅದರ ಹತ್ತಿರ ಬಂದು ಪೆನ್ನು ನಿಂತಿದೆ.

‘ಪ್ರತಿಫಲಿತ ಶಕ್ತಿ’ ಅನ್ನೋಣ ಅಂದರೆ ಶಕ್ತಿ ಎನರ್ಜಿಗೆ ಹೋಯಿತು. ಶಾಲೆ ಪುಸ್ತಕದ ಪ್ರಕಾರ ಪವರ್ ಅಂದರೆ ಸಾಮರ್ಥ್ಯ. ‘ಪ್ರತಿಫಲಿತ ಸಾಮರ್ಥ್ಯ’ ಅಂದರೆ ಯಾರಿಗೂ ತಲೆಬುಡ ತಿಳಿಯಲ್ಲ, ಹಾಗಾಗಿ ಪವರ್ ಅನ್ನೋದನ್ನ ಹಾಗೇ ಬಿಟ್ಟೆ. ಉಳಿದದ್ದು ಮುಂದಿನ ಪದ. ಮಾತಿನಲ್ಲಿ ಎಲ್ಲರೂ ‘ವಾಪಸ್ ಬಂದ ಪವರ್’ ಅಂತಾರೆ. ನನ್ನ ತಕರಾರು ಇದರ ಮೇಲೆಯೇ. ವಾಪಸ್ ಬಂತು ಅಂದ ಕೂಡಲೇ ಕೇಳಿದವರು ಅಷ್ಟೂ ಹಾಳಾಯ್ತು, ಸೆಟ್ಟಿನೊಳಗೆ ನುಗ್ಗಿ ಅದನ್ನು ಸುಡುತ್ತೆ ಅಂದುಕೊಳ್ಳುತ್ತಾರೆ.

ನಿಜವಾಗಿ ಆಗೋದು ಬೇರೆ. ಸೆಟ್ಟು 100 ವ್ಯಾಟ್‌ನದು, ಆಂಟೆನಾ ಹತ್ತಿರ ಎಸ್‌ಡಬ್ಲ್ಯುಆರ್ (ಸ್ಟ್ಯಾಂಡಿಂಗ್ ವೇವ್ ರೇಶಿಯೋ, ಕೇಬಲ್ಲಿಗೆ ಆಂಟೆನಾ ಎಷ್ಟು ಹೊಂದಿದೆ ಅನ್ನೋ ಅಳತೆ, 1 ಇದ್ದರೆ ಪೂರ್ತಿ ಹೊಂದಿದೆ) 3 ಅಂತಿಟ್ಟುಕೊಳ್ಳಿ. ಅಂದರೆ ಆಂಟೆನಾಕ್ಕೆ ಹೋಗಿ ಮುಟ್ಟಿದ ಪವರ್‌ನಲ್ಲಿ ಕಾಲು ಭಾಗ ತಿರುಗುತ್ತದೆ. ಸೆಟ್ಟಿನ ಪಕ್ಕ ಟ್ಯೂನರ್ (ಸೆಟ್ಟಿಗೆ ತಕ್ಕ ಲೋಡ್ ಕಾಣುವಂತೆ ಮಾಡುವ ಪೆಟ್ಟಿಗೆ) ಇಟ್ಟು ಹೊಂದಿಸಿ, ಅದರಾಚೆ ಕೇಬಲ್ಲಿನ ಕಡೆ ಎರಡು ಮುಳ್ಳಿನ ಮೀಟರ್ ಹಾಕಿ ನೋಡಿ. ಟ್ಯೂನರ್, ಕೇಬಲ್ಲಿನ ನಷ್ಟ ಲೆಕ್ಕಕ್ಕೆ ಹಿಡಿಯದಿದ್ದರೆ ಹೋಗುವ ಮುಳ್ಳು 133 ವ್ಯಾಟ್, ಬರುವ ಮುಳ್ಳು 33 ತೋರಿಸುತ್ತದೆ. 100 ವ್ಯಾಟ್ ಸೆಟ್ಟಿಗೆ 133 ಎಲ್ಲಿಂದ ಬಂತು? ತಿರುಗಿ ಬಂದ 33 ಟ್ಯೂನರ್‌ಗೆ ತಾಗಿ ಸೆಟ್ಟಿನ ಹೊಸ 100ರ ಜೊತೆ ಸೇರಿಕೊಂಡು ಮತ್ತೆ ಆಂಟೆನಾ ಕಡೆಗೇ ಹೊರಡುತ್ತದೆ. 133ರಲ್ಲಿ 33 ಕಳೆಯಿರಿ, 100 ಪೂರ್ತಿ ಆಂಟೆನಾಕ್ಕೆ ಸಂದಿತು.

ನಷ್ಟ ಆಗಲ್ಲ ಅಂತಲ್ಲ. ಪ್ರತಿ ಓಡಾಟಕ್ಕೂ ಕೇಬಲ್ ಸ್ವಲ್ಪ ಸ್ವಲ್ಪ ಬಿಸಿಯಾಗಿ ತಿನ್ನುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅದು ಕಮ್ಮಿ, 145ರಲ್ಲಿ ಅದೇ ತೆಳ್ಳನೆ ಕೇಬಲ್ ಜಾಸ್ತಿ ನುಂಗುತ್ತದೆ. ಇನ್ನು ಟ್ಯೂನರ್ ಇಲ್ಲದಾಗ ಸೆಟ್ಟು ಪವರ್ ಇಳಿಸಿಕೊಳ್ಳುತ್ತದಲ್ಲ, ಅದು ತನ್ನ ಟ್ರಾನ್ಸಿಸ್ಟರ್‌ಗಳಿಗೆ ತಕ್ಕ 50 ಓಮ್ ಲೋಡ್ ಕಾಣದೆ ವೋಲ್ಟೇಜೋ ಕರೆಂಟೋ ಮೀರೀತು ಅಂತ. ವಾಪಸ್ ಬಂದದ್ದೆಲ್ಲ ಒಳಗೆ ಉರಿಯುತ್ತಿದೆ ಅಂತಲ್ಲ.

ಅದಕ್ಕೇ ನಮ್ಮ ಕಡೆಯ ‘ಹೊಳ್ಳಿ’ ನೆನಪಾಯಿತು. ಹೊಳ್ಳಿ ನೋಡಿದ, ಅರ್ಧ ದಾರಿಗೆ ಹೊಳ್ಳಿ ಬಂದ ಅಂತೀವಿ. ಹೊಳ್ಳಿ ಬಂದವನು ಮತ್ತೆ ಹೊಳ್ಳಿ ಹೋಗಲೂಬಹುದು, ಅಲ್ವಾ? ವಾಪಸ್ ಅನ್ನೋದರಲ್ಲಿ ವ್ಯವಹಾರ ಮುಗಿದ ವಾಸನೆ ಇದೆ, ಇದರಲ್ಲಿ ಇಲ್ಲ. ‘ಹೊಳ್ಳಿ ಬಂದ ಪವರ್’ ಅಂತ ಬರೆದರೆ ಹುಡುಗರು ಮೊದಲು ನಗಬಹುದು, ನಗಲಿ ಬಿಡಿ.

ಸ್ಟ್ಯಾಂಡಿಂಗ್ ವೇವ್‌ಗೆ ‘ನಿಂತ ಅಲೆ’ ಬೇಡ ಅನಿಸಿ ‘ಸ್ಥಾಯಿ ತರಂಗ’ ಇಟ್ಟಿದ್ದೇನೆ. ಹೋಗುವ ಅಲೆ, ಬರುವ ಅಲೆ ಎರಡೂ ಓಡುತ್ತಲೇ ಇರುತ್ತವೆ, ಕೇಬಲ್ಲಿನ ಮೇಲೆ ಏರಿಳಿತದ ಜಾಗಗಳು ಮಾತ್ರ ಕದಲಲ್ಲ. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿಗೆ ಫೀಡರ್ ಅನ್ನೋದನ್ನಂತೂ ಕೈಬಿಟ್ಟೆ. ಇಲ್ಲಿ ಫೀಡರ್ ಅಂದರೆ ಕರೆಂಟ್ ಹೋದಾಗ ಬೈಯುವ ಫೀಡರ್ರೇ!

ಗದಗ, ಹಾವೇರಿ ಕಡೆಯವರು ಹೇಳಿ, ‘ಹೊಳ್ಳಿ’ಯನ್ನು ನೀವು ಬರೀ ಹಿಂದಕ್ಕೆ ಅನ್ನೋದಕ್ಕೆ ಬಳಸ್ತೀರಾ, ಮತ್ತೊಮ್ಮೆ ಅನ್ನೋದಕ್ಕೂ ಬಳಸ್ತೀರಾ? ಮೈಸೂರು, ಮಂಗಳೂರಿನವರಿಗೆ ವಿವರಣೆ ಇಲ್ಲದೆ ಇದು ತಿಳಿಯುತ್ತಾ?