ಲೇಸರ್ ಪಟ್ಟಿ ಎಣಿಸಿ ಗಾಳಿಯ ಒತ್ತಡ ಅಳೆಯುವುದು: ಪ್ರತಿ ಸಲ ಬೇರೆ ಲೆಕ್ಕ ಬರ್ತಿದೆ

ಮೂರನೇ ಮಹಡಿ:
ಮಲ್ಲೇಶ್ವರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಕಟ್ಟಿದ್ದೇನೆ. ಅದು ಲೇಸರ್ ಬೆಳಕನ್ನು ಎರಡು ದಾರಿಗೆ (ತೋಳಿಗೆ) ಸೀಳಿ, ಮತ್ತೆ ಸೇರಿಸಿ, ಗೋಡೆಯ ಮೇಲೆ ಬೆಳಕು-ಕತ್ತಲಿನ ಪಟ್ಟಿ ಮೂಡಿಸುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಕೆಂಪು ಲೇಸರ್ ಡಯೋಡ್. ಒಂದು ತೋಳಿನಲ್ಲಿ, ಎರಡೂ ತುದಿಗೆ ಗಾಜು ಅಂಟಿಸಿದ 5 ಸೆಂ.ಮೀ. ಕೊಳವೆ. ಅಪ್ಪನ ಬಿಪಿ ಮಷೀನಿನ ರಬ್ಬರ್ ಬಲ್ಬಿನಿಂದ ಅದಕ್ಕೆ ಗಾಳಿ ತುಂಬುತ್ತೇನೆ. (ಅಪ್ಪ ಈಗ ಬಿಪಿ ನೋಡಿಸಲು ಪಕ್ಕದ ಮನೆಗೆ ಹೋಗುತ್ತಾರೆ.) ಮುಳ್ಳು 150ಕ್ಕೆ (ಮಿ.ಮೀ. ಪಾದರಸ) ಏರಿಸಿ, ನಿಧಾನವಾಗಿ ಗಾಳಿ ಬಿಟ್ಟು, ಗೋಡೆಯ ಮೇಲೆ ಸರಿಯುವ ಪಟ್ಟಿ ಎಣಿಸಿದರೆ ಒಮ್ಮೆ 8, ಒಮ್ಮೆ 11, ನಿನ್ನೆ 6! ಯಾವುದು ಸರಿ? ನನ್ನ ಆಸೆ ಏನೆಂದರೆ, ಒಂದು ಮಹಡಿ ಇಳಿದರೂ ಒತ್ತಡದ ವ್ಯತ್ಯಾಸ ಕಾಣಬೇಕು.

ಹಳೇ ಲ್ಯಾಬಿನವರು:
8 ಸರಿ. ಸಮುದ್ರಮಟ್ಟದ ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಅದು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) 1ಕ್ಕಿಂತ ಬರೀ 0.00027ರಷ್ಟು ಜಾಸ್ತಿ; ಒತ್ತಡ ಏರಿದಷ್ಟೂ ಈ ಜಾಸ್ತಿಯೂ ಏರುತ್ತದೆ, ಪಟ್ಟಿ ಸರಿಯುತ್ತದೆ. ಬೆಳಕು ಕೊಳವೆಯಲ್ಲಿ ಹೋಗಿ ಬಂದು 10 ಸೆಂ.ಮೀ. ಸಾಗುತ್ತದೆ. ಹಾಗಾಗಿ ಸುಮಾರು 18 ಮಿ.ಮೀ. ಪಾದರಸಕ್ಕೆ ಒಂದು ಪಟ್ಟಿ. 150ನ್ನು ಭಾಗಿಸಿ ನೋಡಿ.

ಉಳಿದದ್ದು ರಸ್ತೆಯ ಬಸ್ಸಿನಿಂದ ಮೇಜು ಅಲುಗುವ ಕಾಟ, ಡಯೋಡಿನ ಕಾಟ. ಬಿಸಿಯಾದ ಡಯೋಡಿನ ತರಂಗಾಂತರ ತಟ್ಟನೆ ಜಿಗಿಯುತ್ತದೆ. ಎರಡೂ ತೋಳು ಸಮ ಮಾಡಿ, ಅರ್ಧಗಂಟೆ ಉರಿಯಲು ಬಿಟ್ಟು ಆಮೇಲೆ ಎಣಿಸಿ. ಅಲುಗಾಟಕ್ಕೆ, ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕಡಪ ಕಲ್ಲು. ಅದಕ್ಕಿಂತ ಅಗ್ಗದ ಮದ್ದಿಲ್ಲ.

ಮಹಡಿ ಆಸೆ ಮಾತ್ರ ಬಿಡಿ. 3 ಮೀಟರ್ ಇಳಿದರೆ ಬದಲಾಗುವುದು ಸುಮಾರು 0.3 ಹೆಕ್ಟೊಪಾಸ್ಕಲ್ (0.23 ಮಿ.ಮೀ. ಪಾದರಸ), ಅಂದರೆ ಪಟ್ಟಿಯ ಎಂಬತ್ತರಲ್ಲೊಂದು ಭಾಗ. ಕೊಳವೆ ತೆರೆದೇ ಇದ್ದರೆ ಅದೂ ಕಾಣದು. ಎರಡೂ ತೋಳಿನ ಗಾಳಿ ಒಟ್ಟಿಗೇ ಬದಲಾಗುತ್ತದಲ್ವಾ?

ಪಾದರಸ:
ಸರ್ ಹೇಳಿದ್ದಕ್ಕೆ ಒಂದು ಮಾತು. ಕೊಳವೆಯ ಹೊರಗಿನ ತೆರೆದ ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 3 ಹೆಕ್ಟೊಪಾಸ್ಕಲ್ ತಪ್ಪು ಬರುತ್ತದೆ. ಹತ್ತು ಮಹಡಿಯ ಲೆಕ್ಕ ಅದು! ಅಮೆರಿಕದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್‌ನವರು ಇದೇ ತತ್ವದಲ್ಲಿ, 3 ಮೀಟರ್ ಎತ್ತರದ ಪಾದರಸದ ಮಾನೋಮೀಟರಿಗೆ (ಒತ್ತಡ ಅಳೆಯುವ ಸಾಧನ) ಬದಲಿ ಕಟ್ಟಿದ್ದಾರೆ. ಒಂದೇ ಗಾಜಿನ ದಿಮ್ಮಿಯಲ್ಲಿ ಎರಡು ದಾರಿ, ಒಂದರಲ್ಲಿ ನಿರ್ವಾತ, ಇನ್ನೊಂದರಲ್ಲಿ ಅನಿಲ. ಅವರೂ ಉಷ್ಣತೆಯನ್ನು ಹಿಡಿದಿಡಲೇಬೇಕು.

ಮೂರನೇ ಮಹಡಿ:
ಕಲ್ಲು, ಟ್ಯೂಬು ಎರಡೂ ಆಯಿತು. ರಾತ್ರಿ ಒಂದು ಗಂಟೆಗೆ, ಬಸ್ಸು ನಿಂತ ಮೇಲೆ ಎಣಿಸಿದೆ. 8, 8, 8 ಮತ್ತು ಚೂರು. ನಾಲ್ಕನೇ ಸಲ ಶುರು ಮಾಡುವಷ್ಟರಲ್ಲಿ ಅಪ್ಪ ಎದ್ದು ಬಂದು ಬಲ್ಬ್ ಕೇಳಿದರು.